ಫೈಲ್ ತೆರೆಯದೆ ಅದರ ವಿವರ ಓದುವುದು ಹೇಗೆ?

ಫೈಲಿನ ಗಾತ್ರವೆಷ್ಟು, ಕೊನೆಗೆ ಬದಲಾದದ್ದು ಯಾವಾಗ ಎಂದು ತಿಳಿಯಲು ಅದನ್ನು ತೆರೆದು ಓದಬೇಕಿಲ್ಲ. ಆ ವಿವರಗಳನ್ನು ಫೈಲ್ ವ್ಯವಸ್ಥೆಯೇ ಬರೆದಿಟ್ಟಿರುತ್ತದೆ. ಆಂಡ್ರಾಯ್ಡ್ ಆ್ಯಪ್‌ನಲ್ಲಿ ಕಾಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿ ಅವನ್ನು ಪಡೆಯುವ ಕ್ರಮ ಇಲ್ಲಿದೆ.

ಮೊದಲು ಫೈಲ್ ಎಲ್ಲಿದೆ ಎಂದು ನೋಡಿ. ಆ್ಯಪ್‌ನ ಸ್ವಂತ ಫೋಲ್ಡರಿನಲ್ಲಿದ್ದರೆ ಕೆಲಸ ಸುಲಭ. ಅದರ ಹೆಸರು ಕೊಟ್ಟು ‘ಫೈಲ್’ ಆಬ್ಜೆಕ್ಟ್ ರಚಿಸಿ, ‘ಎಕ್ಸಿಸ್ಟ್ಸ್’ ಎಂದು ಕೇಳಿ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಇಲ್ಲದ ಫೈಲಿನ ‘ಲೆಂಗ್ತ್’ ಕೇಳಿದರೆ ದೋಷ ಬರುವುದಿಲ್ಲ, 0 ಬರುತ್ತದೆ. ಖಾಲಿ ಫೈಲಿಗೂ ಉತ್ತರ 0 ಆಗಿರುವುದರಿಂದ ಎರಡನ್ನೂ ಬೇರ್ಪಡಿಸಲಾಗದು. ‘ಲಾಸ್ಟ್‌ಮಾಡಿಫೈಡ್’ ಕೂಡ ಹಾಗೆಯೇ 0 ಕೊಡುತ್ತದೆ. ಅದನ್ನು ದಿನಾಂಕವಾಗಿಸಿದರೆ ಬಳಕೆದಾರರಿಗೆ ಕಾಣುವುದು 1970ರ ಜನವರಿ 1, ಏಕೆಂದರೆ ಮಿಲಿಸೆಕೆಂಡುಗಳ ಎಣಿಕೆ ಶುರುವಾಗುವುದೇ ಅಲ್ಲಿಂದ. ಗಾತ್ರ ಸಿಗುವುದು ಬೈಟ್‌ಗಳಲ್ಲಿ. ತೋರಿಸುವ ಮುನ್ನ ಕೆಬಿ, ಎಂಬಿಗೆ ಬದಲಾಯಿಸಿಕೊಳ್ಳಿ.

ಹಲವು ವಿವರ ಒಟ್ಟಿಗೆ ಬೇಕಿದ್ದರೆ ‘ಫೈಲ್ಸ್’ ಕ್ಲಾಸಿನ ‘ರೀಡ್‌ಆಟ್ರಿಬ್ಯೂಟ್ಸ್’ ಕರೆಯಿರಿ. ಆಂಡ್ರಾಯ್ಡ್ 8.0, ಅಂದರೆ ಎಪಿಐ (ಆ್ಯಪ್‌ಗಳು ಬಳಸುವ ಸಿದ್ಧ ಆಜ್ಞೆಗಳ ಸಂಗ್ರಹ) ಆವೃತ್ತಿ 26ರಿಂದ ಇದು ಲಭ್ಯ. ಫೈಲ್ ಇಲ್ಲದಿದ್ದರೆ ಇದು ಸುಮ್ಮನೆ 0 ಕೊಡದೆ ಎಕ್ಸೆಪ್ಶನ್ ಎಸೆಯುತ್ತದೆ, ಅಂದರೆ ದೋಷವನ್ನು ವರದಿ ಮಾಡುತ್ತದೆ. ತಪ್ಪು ಮುಚ್ಚಿಹೋಗುವುದಿಲ್ಲವಾದ್ದರಿಂದ ನನ್ನ ಮೆಚ್ಚುಗೆ ಇದಕ್ಕೇ. ಆದರೆ ಇದು ಕೊಡುವ ‘ಕ್ರಿಯೇಶನ್‌ಟೈಮ್’ ನೆಚ್ಚಿಕೊಳ್ಳಬೇಡಿ: ಸೃಷ್ಟಿಯಾದ ಸಮಯ ಸಿಗದ ಕಡೆ ಸಾಮಾನ್ಯವಾಗಿ ಕೊನೆಯ ಬದಲಾವಣೆಯ ಸಮಯವನ್ನೇ ಅಲ್ಲಿ ತುಂಬಲಾಗುತ್ತದೆ. ಸೃಷ್ಟಿಯ ದಿನಾಂಕ ನಿಜಕ್ಕೂ ಮುಖ್ಯವಾಗಿದ್ದರೆ ಫೈಲ್ ಉಳಿಸುವಾಗಲೇ ಅದನ್ನು ನಿಮ್ಮ ಡೇಟಾಬೇಸಿನಲ್ಲಿ ಬರೆದಿಡಿ.

ಬಳಕೆದಾರರು ಫೈಲ್ ಪಿಕರ್‌ನಿಂದ ಆರಿಸಿದ ಫೈಲಿನ ವಿಷಯ ಬೇರೆ. ಅಲ್ಲಿ ಕೈಗೆ ಬರುವುದು ಪಾಥ್ (ಫೈಲ್ ಇರುವ ಜಾಗದ ವಿಳಾಸ) ಅಲ್ಲ, ಕಂಟೆಂಟ್ ಯುಆರ್‌ಐ (ಫೈಲ್ ಒದಗಿಸುವ ಆ್ಯಪ್ ಅದಕ್ಕೆ ಕೊಟ್ಟ ಗುರುತು). ಅದರಿಂದ ಪಾಥ್ ಹೆಕ್ಕಲು ಹೋಗುವುದು ವ್ಯರ್ಥ ಶ್ರಮ. ಫೈಲ್ ಫೋನಿನಲ್ಲೇ ಇರಬೇಕೆಂದೂ ಇಲ್ಲ. ‘ಕಂಟೆಂಟ್‌ರಿಸಾಲ್ವರ್’ ಮೂಲಕ ಕ್ವೆರಿ ಮಾಡಿ (ವಿವರ ಕೇಳಿ), ಉತ್ತರವಾಗಿ ಬರುವ ಕರ್ಸರನ್ನು (ಸಾಲು ಸಾಲಾಗಿ ಓದುವ ಫಲಿತಾಂಶ) ಮೊದಲ ಸಾಲಿಗೆ ಒಯ್ದು, ‘ಓಪನೇಬಲ್‌ಕಾಲಮ್ಸ್’ನಲ್ಲಿರುವ ಹೆಸರು ಮತ್ತು ಗಾತ್ರದ ಕಾಲಮ್‌ಗಳನ್ನು ಓದಿ. ಗಾತ್ರದ ಕಾಲಮ್ ನಲ್ (ಮೌಲ್ಯವೇ ಇಲ್ಲದ್ದು) ಆಗಿರಬಹುದು. ‘ಈಸ್‌ನಲ್’ ಎಂದು ಪರೀಕ್ಷಿಸಿ, ನಲ್ ಆಗಿದ್ದರೆ ‘ಗಾತ್ರ ತಿಳಿದಿಲ್ಲ’ ಎಂದೇ ತೋರಿಸಿ. ಕೊನೆಗೆ ಕರ್ಸರ್ ಮುಚ್ಚಿ. ‘ಯೂಸ್’ ಬ್ಲಾಕಿನೊಳಗೆ ಬರೆದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಇದೆಲ್ಲ ಹಿನ್ನೆಲೆ ಥ್ರೆಡ್‌ನಲ್ಲಿ (ಪರದೆಯ ಕೆಲಸದಿಂದ ಪ್ರತ್ಯೇಕವಾಗಿ) ನಡೆಯಲಿ, ಇಲ್ಲವಾದರೆ ಫೈಲ್‌ಗಳ ಪಟ್ಟಿ ಉದ್ದವಿದ್ದಾಗ ಪರದೆ ತಡವರಿಸುತ್ತದೆ.

ಐಫೋನ್‌ನಲ್ಲಿ ಇದೇ ಕೆಲಸಕ್ಕೆ ‘ಫೈಲ್‌ಮ್ಯಾನೇಜರ್’ನ ‘ಆಟ್ರಿಬ್ಯೂಟ್ಸ್‌ಆಫ್‌ಐಟಂ’ ಇದೆ. ಆದರೆ ಫೈಲಿನ ಸಮಯಗಳನ್ನು ಓದುವ ಎಪಿಐ ಬಳಸುವ ಆ್ಯಪ್‌ಗಳು ಅದರ ಕಾರಣವನ್ನು ಪ್ರೈವೆಸಿ ಮ್ಯಾನಿಫೆಸ್ಟಿನಲ್ಲಿ (ಆ್ಯಪ್ ಯಾವ ಮಾಹಿತಿಯನ್ನು ಏಕೆ ಬಳಸುತ್ತದೆ ಎಂದು ತಿಳಿಸುವ ಫೈಲ್) ನಮೂದಿಸಬೇಕೆಂದು ಆ್ಯಪಲ್ 2024ರ ಮೇ 1ರಿಂದ ಕಡ್ಡಾಯ ಮಾಡಿದೆ.