ಬೈಕ್ ಸಾಲದ ಅರ್ಜಿಗೆ ಅಂಕ ಹಾಕುವ ಹಾಳೆ: ಮಾಡಿಕೊಳ್ಳುವುದು ಹೇಗೆ?

ಪತ್ತಿನ ಸಹಕಾರ ಸಂಘದ ಸಭೆಯಲ್ಲಿ ಬೈಕ್ ಸಾಲದ ಅರ್ಜಿ ಎಷ್ಟೋ ಸಲ ಒಂದೇ ಮಾತಿನಲ್ಲಿ ಇತ್ಯರ್ಥವಾಗುತ್ತದೆ: ‘ಹುಡುಗ ಗೊತ್ತಿರುವವನು, ಕೊಡೋಣ.’ ಗೊತ್ತಿಲ್ಲದವನ ಕಡತ ಮುಂದಿನ ಸಭೆಗೆ ಹೋಗುತ್ತದೆ. ಈ ‘ಗೊತ್ತು’ ಎಂಬುದರೊಳಗೆ ಏನೇನಿದೆ ಎಂದು ಬಿಡಿಸಿ, ಎಲ್ಲರ ಕಡತಕ್ಕೂ ಒಂದೇ ಅಳತೆಗೋಲು ಹಿಡಿಯುವುದಕ್ಕೆ ‘ನಿರ್ಧಾರ ನೆರವು ವ್ಯವಸ್ಥೆ’ ಎಂಬ ಭಾರೀ ಹೆಸರಿದೆ. ಸಣ್ಣ ಸಂಘಕ್ಕೆ ಎಕ್ಸೆಲ್‌ನ ಒಂದು ಹಾಳೆ ಸಾಕು.

ಮೊದಲು ಜರಡಿ ಹಿಡಿಯಿರಿ. ವಯಸ್ಸು 18 ತುಂಬಿದೆಯೇ, ದಾಖಲೆಗಳು ಸರಿಯಿವೆಯೇ, ಬೇರೆಡೆಯ ಸಾಲ 90 ದಿನಕ್ಕಿಂತ ಹೆಚ್ಚು ಸುಸ್ತಿಯಾಗಿದೆಯೇ? ಇವಕ್ಕೆ ಅಂಕವಿಲ್ಲ, ಹೌದು ಅಥವಾ ಇಲ್ಲ ಅಷ್ಟೇ. ಜರಡಿ ದಾಟಿದವರಿಗೆ ಮಾತ್ರ ಮುಂದಿನ ಲೆಕ್ಕ.

ಆಮೇಲೆ ಮಾನದಂಡ ಮತ್ತು ತೂಕ. ನಾನು ಸೂಚಿಸುವುದು ನಾಲ್ಕೇ: ಆದಾಯದಲ್ಲಿ ಕಂತಿನ ಹೊರೆ 35, ಹಿಂದಿನ ಮರುಪಾವತಿ 30, ಕೈಯಿಂದ ಹಾಕುವ ಮುಂಗಡ 20, ಕಸುಬಿನಲ್ಲಿ ಕಳೆದ ವರ್ಷಗಳು 15. ಒಟ್ಟು 100. ಈ ತೂಕಗಳನ್ನು ಆಡಳಿತ ಮಂಡಳಿ ಮೊದಲೇ ಠರಾವು ಮಾಡಿಟ್ಟಿರಬೇಕು. ಅರ್ಜಿ ಮೇಜಿಗೆ ಬಂದ ಮೇಲೆ ಕೂತರೆ ಅರ್ಜಿದಾರನ ಮುಖ ನೋಡಿಯೇ ತೂಕ ಬೀಳುತ್ತದೆ. ಜಾತಿ, ಧರ್ಮದ ಕಾಲಂ ಹಾಳೆಯಲ್ಲಿ ಇರಲೇಬಾರದು. ಕೇರಿಯ ಹೆಸರೂ ಬೇಡ. ಹೊರಗೆ ಹಾಕಿದ ಜಾತಿ, ಧರ್ಮ ಕೇರಿಯ ಹೆಸರಿನ ಹಿತ್ತಿಲ ಬಾಗಿಲಿನಿಂದಲೇ ಒಳಗೆ ಬರುವುದು.

ಇನ್ನು ಅಳತೆ. ಪಠ್ಯಗಳಲ್ಲಿ ಸಿಗುವ ಸರಳ ವಿಧಾನದಲ್ಲಿ ಪ್ರತಿಯೊಬ್ಬರ ಅಂಕಿಯನ್ನು ಆ ಗುಂಪಿನ ಅತಿ ದೊಡ್ಡ ಅಂಕಿಯಿಂದ ಭಾಗಿಸುತ್ತಾರೆ. ಹತ್ತು ಮಂದಿಯಲ್ಲಿ ಒಬ್ಬರಿಗೆ ಬಹುಮಾನ ಕೊಡುವುದಾದರೆ ಅದು ಸರಿ. ಸಾಲಕ್ಕೆ ಸರಿಹೊಂದದು: ಈ ತಿಂಗಳು ಒಬ್ಬ ಸಿರಿವಂತ ಅರ್ಜಿ ಹಾಕಿದರೆ ಉಳಿದವರ ಅಂಕವೆಲ್ಲ ಇಳಿಯುತ್ತದೆ. ಆದ್ದರಿಂದ ಕಟ್ಟಲೆಗಳು ಸ್ಥಿರವಾಗಿರಲಿ. ಕಂತಿನ ಹೊರೆ ಆದಾಯದ ಶೇ 20ರೊಳಗಿದ್ದರೆ ಪೂರ್ತಿ ಅಂಕ, ಶೇ 30ರವರೆಗೆ ಮುಕ್ಕಾಲು, ಶೇ 40ರವರೆಗೆ ಅರ್ಧ, ಶೇ 50ರವರೆಗೆ ಕಾಲು, ಅದನ್ನು ಮೀರಿದರೆ ಸೊನ್ನೆ.

ಎರಡು ಅರ್ಜಿ ತೂಗಿ ನೋಡೋಣ. ಕಲ್ಪಿತವೇ, ಆದರೆ ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಇಬ್ಬರಿಗೂ 1 ಲಕ್ಷ ರೂಪಾಯಿಯ ಬೈಕ್, 20,000 ಮುಂಗಡ, 80,000 ಸಾಲ. ಬಡ್ಡಿ ಶೇ 12, ಅವಧಿ 36 ತಿಂಗಳು. ಕಂತು ಲೆಕ್ಕ ಹಾಕುವ ಎಕ್ಸೆಲ್‌ನ ಪಿಎಂಟಿ (PMT) ಸೂತ್ರ ಕೊಡುವ ಕಂತು ತಿಂಗಳಿಗೆ 2,657 ರೂಪಾಯಿ. (ಅದೇ ಶೇ 12ನ್ನು ಕಟ್ಟಿದಂತೆ ಇಳಿಯುವ ಬಾಕಿಯ ಮೇಲಲ್ಲದೆ ಪೂರ್ತಿ ಅಸಲಿನ ಮೇಲೆ ಹಾಕಿದರೆ ಕಂತು 3,022 ಆಗುತ್ತದೆ. ಯಾವ ಬಡ್ಡಿ ಎಂದು ಕೇಳದೆ ಸಹಿ ಹಾಕುವವರಿಗೆ ಈ ಅಂತರ ತಿಳಿದಿರಲಿ.)

ಮೊದಲನೆಯವನು ಊಟ ತಲುಪಿಸುವ ಹುಡುಗ. ತಿಂಗಳಿಗೆ 22,000 ಆದಾಯ, ಮೊಬೈಲಿನ ಹಳೆಯ ಕಂತು 3,500. ಹೊಸದೂ ಸೇರಿದರೆ ಹೊರೆ ಶೇ 28. ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದಾರೆಂದು ತೋರಿಸುವ ಸಿಬಿಲ್ ಅಂಕ 720, ಕೆಲಸಕ್ಕೆ ಸೇರಿ ಒಂದು ವರ್ಷ. ಎರಡನೆಯವರು ಎಂಟು ವರ್ಷದಿಂದ ಡೇರಿಗೆ ಹಾಲು ಹಾಕುವ ಮಹಿಳೆ. ಖರ್ಚು ಕಳೆದು ವರ್ಷದ ಸರಾಸರಿ ತಿಂಗಳಿಗೆ 18,000, ಬೇರೆ ಸಾಲವಿಲ್ಲ. ಹೊರೆ ಶೇ 15. ಉಳಿದ ಮೂರು ಮಾನದಂಡಗಳಿಗೂ ಇಂಥದೇ ಕಟ್ಟಲೆ ಇದೆ ಎಂದುಕೊಳ್ಳಿ. ಮೇಲೆ ಹೇಳಿದ ಕ್ರಮದಲ್ಲೇ ಹುಡುಗನಿಗೆ 26.25, 22.5, 14, 6, ಒಟ್ಟು 68.75.

ಆಕೆಯ ಕಡತದಲ್ಲಿ ಒಂದು ತೊಡಕಿದೆ. ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. ಎಂದೂ ಸಾಲ ಮಾಡದವರ ವರದಿಯಲ್ಲಿ ‘-1’ ಎಂದು ಬರುತ್ತದೆ. ‘ಇತಿಹಾಸವಿಲ್ಲ’ ಎಂಬುದೇ ಅದರರ್ಥ. ಹಾಳೆಗೆ ಅದು ತಿಳಿಯದು, ‘650ಕ್ಕಿಂತ ಕಡಿಮೆ’ ಎಂದುಕೊಂಡು 30ಕ್ಕೆ 6 ಕೊಟ್ಟುಬಿಡುತ್ತದೆ. ಆಗ ಒಟ್ಟು 70. ಇಂಥವರಿಗೆ ಬೇರೆ ಸಾಲು ಬೇಕು: ಸಂಘದ ಪಿಗ್ಮಿ ಪುಸ್ತಕ ನೋಡಿ. ದಿನಾ ಕಟ್ಟಿದ್ದಾರೆಯೇ, ನಡುವೆ ತಿಂಗಳುಗಟ್ಟಲೆ ಖಾಲಿ ಇದೆಯೇ? ಆಕೆಯದು ತಪ್ಪದೆ ಕಟ್ಟಿದ ಪುಸ್ತಕ, ಅದಕ್ಕೆ 18 ಕೊಟ್ಟರೆ 35, 18, 14, 15 ಸೇರಿ 82. ಒಂದು ಕಳೆಯುವ ಚಿಹ್ನೆಯನ್ನು ಸರಿಯಾಗಿ ಓದಿದ್ದಕ್ಕೆ 12 ಅಂಕ.

75ಕ್ಕೆ ಮೇಲೆ ಮಂಜೂರು, 60ರಿಂದ 75ರವರೆಗೆ ಕರೆದು ಮಾತಾಡುವುದು, ಕೆಳಗಿದ್ದರೆ ಇಲ್ಲ ಎಂದು ಗೆರೆ ಎಳೆಯಬಹುದು. ಹುಡುಗನನ್ನು ಕರೆಯಿರಿ. ಮೊಬೈಲಿನ ಕಂತು ಎರಡೇ ತಿಂಗಳಲ್ಲಿ ಮುಗಿಯುವುದಾದರೆ ಹೊರೆ ಶೇ 12ಕ್ಕೆ ಇಳಿದು ಅಂಕ 77.5 ಆಗುತ್ತದೆ. ಸಾಲ ನಿರಾಕರಿಸುವವರಿಗೂ ಇದೇ ಹಾಳೆ ನೋಡಿ ಕಾರಣ ಹೇಳಿ. ‘ಕಂಪ್ಯೂಟರ್ ಒಪ್ಪಲಿಲ್ಲ’ ಎಂಬುದು ಉತ್ತರವಲ್ಲ.

ಬಳಕೆಗೆ ಮುನ್ನ ತೀರಿದ ಹಳೆಯ ಸಾಲಗಳಲ್ಲಿ ಐವತ್ತು ಕಡತ ತೆಗೆದು, ಕೊನೆಗೆ ಏನಾಯಿತೆಂಬುದನ್ನು ಮುಚ್ಚಿಟ್ಟು ಅಂಕ ಹಾಕಿ. ಸುಸ್ತಿಯಾದವರೇ ಮೇಲೆ ಬಂದರೆ ತೂಕ ತಪ್ಪಿದೆ. ಒಂದು ಮಿತಿಯೂ ಉಂಟು: ಕಪಾಟಿನಲ್ಲಿರುವುದು ಸಾಲ ಪಡೆದವರ ಕಥೆ ಮಾತ್ರ, ವಾಪಸು ಕಳಿಸಿದವರು ಕಟ್ಟುತ್ತಿದ್ದರೋ ಇಲ್ಲವೋ ಯಾವ ಕಡತವೂ ಹೇಳದು.

ಕೊನೆಯ ಕಾಲಂ ‘ಹಾಳೆಗೆ ವಿರುದ್ಧವಾದ ತೀರ್ಮಾನ’. ಕಾರ್ಯದರ್ಶಿ ಹಾಳೆಯನ್ನು ಮೀರಬಹುದು, ಆದರೆ ಕಾರಣ ಬರೆದು ಸಹಿ ಹಾಕಬೇಕು. ಆರು ತಿಂಗಳಿಗೊಮ್ಮೆ ಆ ಕಾಲಂ ಓದಿ. ಅಡಿಕೆ ಬೆಳೆಗಾರರ ಹೆಸರೇ ಮತ್ತೆ ಮತ್ತೆ ಬಂದಿದ್ದರೆ, ವರ್ಷಕ್ಕೊಮ್ಮೆ ಕೈಗೆ ಬರುವ ಹಣವನ್ನು ತಿಂಗಳ ಆದಾಯದ ಕಾಲಂಗೆ ಹೇಗೆ ತುಂಬಿಸುತ್ತಿದ್ದೀರಿ ಎಂದು ನೋಡಿಕೊಳ್ಳಿ.