180 ಆರ್‌ಪಿಎಂನ ಮೆಣಸಿನ ಮಿಷನ್: ನನ್ನ ಅನುಭವ

ಕಾಳುಮೆಣಸು ಬಿಡಿಸುವ ಮಿಷನ್ ಅಂದರೆ ಜೋರಾಗಿ ತಿರುಗಬೇಕು, ಗಂಟೆಗೆ ಇಷ್ಟು ಕ್ವಿಂಟಾಲ್ ಅಂತ ದೊಡ್ಡದಾಗಿ ಬರೆಸಬೇಕು ಅನ್ನೋದು ಮಿಷನ್ ಮಾಡಿ ಮಾರೋ ನಮ್ಮ ಲೈನಿನ ಲೆಕ್ಕ. ನನ್ನದು ನಿಧಾನ, ನಿಮಿಷಕ್ಕೆ 180 ಸುತ್ತು. ಅಂಬಳೆಯ ಶೆಡ್ಡಿನಲ್ಲಿ ಮೊದಲ ಸಲ ಓಡಿಸಿದಾಗ ಪಕ್ಕದ ಶೆಡ್ಡಿನ ಓನರ್ ಬಂದು ನೋಡಿ, "ಇದೇನ್ ಮಾರಾಯ್ರೆ, ರಾಗಿ ಬೀಸೋ ಕಲ್ಲಾ?" ಅಂದರು. ಈ ಸೀಸನ್ನಿಗೆ ಅವರ ಭಾವನೇ ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ.

ಮೂಡಿಗೆರೆ, ಆಲ್ದೂರು, ಕೊಪ್ಪದ ಕಡೆಯ ಐದು-ಹತ್ತು ಎಕರೆಯವರ ಮನೆಗೆ ಕೊಯ್ಲಿನ ಹೊತ್ತಲ್ಲಿ ಸಂಜೆ ಜೀಪಲ್ಲಿ ಬರೋದು ಐದಾರು ಕ್ವಿಂಟಾಲ್ ಗೊಂಚಲು. ರಾತ್ರಿ ಊಟದೊಳಗೆ ಬಿಡಿಸಿ ಮುಗಿದರೆ ಆಯ್ತು. ಗಂಟೆಗೆ ಎಂಟು ಕ್ವಿಂಟಾಲ್ ಬಿಡಿಸೋ ಮಿಷನ್ ತಗೊಂಡು ಅವರೇನು ಮಾಡಬೇಕು? ಅಷ್ಟು ಸ್ಪೀಡಿಗೆ ಹಣ್ಣಾದ ಕಾಳಿನ ಸಿಪ್ಪೆ ಕಿತ್ತುಬರುತ್ತದೆ, ಕಡ್ಡಿ ಪುಡಿಯಾಗಿ ಕಾಳಿನ ಜೊತೆ ಬೀಳುತ್ತದೆ. ಒಣಗಿದ ಮೇಲೆ ಬಿಳಿ ಕಾಳು ಕಂಡರೆ ವ್ಯಾಪಾರಿ ಕೈಯಲ್ಲಿ ಹರಡಿ ಮುಖ ಸಿಂಡರಿಸುತ್ತಾನೆ, ಕಡ್ಡಿ ಸೇರಿದ್ದರೆ ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳಿನ ತೂಕ) 550 ಗ್ರಾಂ ಇರಬೇಕಾದದ್ದು ಕೆಳಗೆ ಬರುತ್ತದೆ. ಹಸಿ ಮೂರು ಕಿಲೋಗೆ ಒಣ ಒಂದು ಕಿಲೋ ಸಿಗುವ ಮಾಲು ಇದು. ಬೆಳೆಗಾರ ಗಂಟೆ ನೋಡೋಲ್ಲ, ರೇಟು ನೋಡ್ತಾನೆ.

ನಿಮಿಷಕ್ಕೆ 1440 ಸುತ್ತಿನ ಮೋಟಾರನ್ನು 180ಕ್ಕೆ ಇಳಿಸೋದೇ ದೊಡ್ಡ ತಲೆನೋವಾಗಿತ್ತು. ಒಂದೇ ಬೆಲ್ಟಲ್ಲಿ ಮಾಡಹೋದರೆ 24 ಇಂಚಿನ ಪುಲ್ಲಿ ಬೇಕು, ಮಿಷನ್ನಿಗಿಂತ ಪುಲ್ಲಿಯೇ ದೊಡ್ಡದು. ಗೇರ್‌ಬಾಕ್ಸ್ ಹಾಕಿದರೆ ಹತ್ತು ಸಾವಿರದ ಮೇಲೆ ಖರ್ಚು. ವಿಎಫ್‌ಡಿ, ಅಂದರೆ ಮೋಟಾರಿನ ಸ್ಪೀಡನ್ನೇ ಇಳಿಸೋ ಎಲೆಕ್ಟ್ರಾನಿಕ್ ಡಬ್ಬ, ಕೂರಿಸಿ ನೋಡಿದೆ. ಶೆಡ್ಡಲ್ಲಿ ಚೆನ್ನಾಗೇ ಓಡಿತು, ತೋಟದ ಕೊನೆಯ ಮನೆಯ ಸಂಜೆಯ ವೋಲ್ಟೇಜಿಗೆ ಟ್ರಿಪ್ ಆಗೋದಕ್ಕೆ ಶುರುವಾಯ್ತು. ಕೊನೆಗೆ ಮೋಟಾರಿನ ಮೂರು ಇಂಚಿನ ಪುಲ್ಲಿಯಿಂದ ಎಂಟು ಇಂಚಿನದಕ್ಕೆ ಬೆಲ್ಟ್, ಅಲ್ಲಿಗೆ 540. ಅಲ್ಲಿಂದ ಬೈಕಿನ 14 ಮತ್ತು 42 ಹಲ್ಲಿನ ಸ್ಪ್ರಾಕೆಟ್, ಚೈನು. ಸರಿಯಾಗಿ 180. ಚೈನ್ ಸವೆದರೆ ಯಾವ ಊರಿನ ಗ್ಯಾರೇಜಲ್ಲಾದರೂ ಸಿಗುತ್ತೆ, ನನಗೆ ಫೋನ್ ಮಾಡೋ ಕೆಲಸವೇ ಇಲ್ಲ.

ದುಡ್ಡು ತಿಂದಿದ್ದು ರಬ್ಬರು. ಗೊಂಚಲು ಉಜ್ಜಿ ಕಾಳು ಬಿಡಿಸೋ ಡ್ರಮ್ಮಿಗೆ ಕಬ್ಬಿಣದ ಹಲ್ಲು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಹಳೆ ಟೈರ್ ಕತ್ತರಿಸಿ ಹಾಕಿದರೆ ಮೆಣಸಿಗೆಲ್ಲ ಟೈರಿನ ವಾಸನೆ. ಕನ್ವೇಯರ್ ಬೆಲ್ಟ್ ಹಾಕಿದರೆ ಅಂಚಿಂದ ನೂಲು ಬಿಚ್ಚಿ ಕಾಳಲ್ಲಿ ಸೇರಿತು. ಮಲ್ಲಂದೂರಿನ ಗೌಡ್ರು ಒಬ್ಬರು ಆ ನೂಲನ್ನು ಒಂದೊಂದಾಗಿ ಆರಿಸಿ ಪೇಪರಲ್ಲಿ ಕಟ್ಟಿ ನನ್ನ ಕೈಗಿಟ್ಟು, "ತಗೊಳಪ್ಪ, ಇದಕ್ಕೂ ರೇಟ್ ಹಾಕ್ತೀಯಾ?" ಅಂದರು. ಈಗ ಹಾಕುತ್ತಿರೋದು ಆಹಾರಕ್ಕೆ ಬಳಸುವ ಬಿಳಿ ರಬ್ಬರ್ ಶೀಟು, ಕಿಲೋ ಲೆಕ್ಕದಲ್ಲಿ ತರಿಸುತ್ತೇನೆ. ಎಷ್ಟು ದಪ್ಪ, ಯಾವ ಕೋನದಲ್ಲಿ ಕಟ್ ಮಾಡ್ತೀನಿ ಅನ್ನೋದನ್ನ ಇಲ್ಲಿ ಬರೆಯೋಲ್ಲ. ನನ್ನ ನಾಲ್ಕು ಸೀಸನ್ ತಿಂದ ವಿಷಯ ಅದು.

ಬಿಡಿಸಿದ ಕಾಳು ಇಳಿಯೋ ಜಾಲರಿಗೆ ಎಂ.ಎಸ್. (ಮಾಮೂಲಿ ಕಬ್ಬಿಣ) ಬೇಡವೇ ಬೇಡ, ಹಸಿ ಮೆಣಸಿನ ರಸಕ್ಕೆ ಒಂದೇ ವಾರಕ್ಕೆ ತುಕ್ಕು. 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲೇ ಹಾಕಿ. ಉದ್ದ ತೂತಿನದು ಹಾಕಿದರೆ ಕಡ್ಡಿ ಇಳಿಯುತ್ತದೆ, ದುಂಡು ತೂತೇ ಸರಿ. ಪಣಿಯೂರು ತಳಿಯ ಕಾಳು ದಪ್ಪ, ಅದಕ್ಕೆ ಬೇರೆ ಜಾಲರಿ ಇಟ್ಟಿದ್ದೇನೆ.

ಮಧ್ಯೆ ಬಿಳಿ ಮೆಣಸಿನ ಹುಚ್ಚೂ ಹಿಡಿದಿತ್ತು. ಹಣ್ಣು ಕಾಳನ್ನು ವಾರಗಟ್ಟಲೆ ನೆನೆಸಿ ಇದೇ ಡ್ರಮ್ಮಿಗೆ ನೀರು ಬಿಟ್ಟು ಉಜ್ಜಿದೆ. ಸಿಪ್ಪೆ ಸೊಗಸಾಗಿ ಹೋಯ್ತು! ಆದರೆ ನೆನೆಸಿದ ನೀರಿನ ನಾತಕ್ಕೆ ಅಕ್ಕಪಕ್ಕದ ಶೆಡ್ಡಿನವರು ಜಗಳಕ್ಕೇ ಬಂದರು. ನೀರು ಬಿಡೋದಕ್ಕೆ ಜಾಗ ಇರೋರು ಮಾಡಿ ನೋಡಬಹುದು.

ದುಡ್ಡಿನ ಮಾತು. ಮೊದಲ ಮಿಷನ್ನಿಗೆ 45 ಸಾವಿರದ ಹತ್ತಿರ ಬಿತ್ತು, ಈಗ 28–30ರಲ್ಲಿ ಮುಗಿಯುತ್ತದೆ, 44ಕ್ಕೆ ಕೊಡುತ್ತೇನೆ. ಸಾಲಕ್ಕೆ ಹೋದ ಬ್ಯಾಂಕಲ್ಲಿ ಪ್ರತಿ ತಿಂಗಳ ಮಾರಾಟದ ಲೆಕ್ಕ ಕೇಳಿದರು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಓಡುವ ಮಾಲಿಗೆ ಆಗಸ್ಟಿನ ಮಾರಾಟ ಎಲ್ಲಿಂದ ತರಲಿ? ಮಳೆಗಾಲದಲ್ಲಿ ಗೇಟು, ಗ್ರಿಲ್ಲು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ರಿಪೇರಿ ಮಾಡಿ ಹುಡುಗರ ಸಂಬಳ ತೆಗೆದೆ. ಒಂದು ವರ್ಷ ಮಿಷನ್‌ಗಳು ಮಾರಾಟವಾಗದೆ ಶೆಡ್ಡಲ್ಲೇ ಉಳಿದವು. ಆಗ ಮಾಡಿದ್ದಿಷ್ಟು: ಕೊಯ್ಲು ಶುರುವಾಗೋ ಮುಂಚೆ ನಾಲ್ಕಾರು ತೋಟಕ್ಕೆ ದುಡ್ಡಿಲ್ಲದೆ ಇಟ್ಟುಬಂದೆ. ಇಷ್ಟವಾದರೆ ಏಪ್ರಿಲ್ಲಲ್ಲಿ ಕೊಡಿ, ಇಲ್ಲಾಂದ್ರೆ ವಾಪಸ್ ತರ್ತೀನಿ ಅಂದೆ. ವಾಪಸ್ ಬಂದದ್ದು ಒಂದೇ, ಅದೂ ಅಣ್ಣತಮ್ಮಂದಿರು ಪಾಲಾಗಿ ತೋಟ ಹಂಚಿಕೊಂಡಿದ್ದಕ್ಕೆ. ಆಮೇಲೆ ಬಂದ ಆರ್ಡರ್ ಎಲ್ಲ ಅವರ ನೆಂಟರಿಷ್ಟರದೇ.

ಮಳೆ ನೆಂದ ಗೊಂಚಲು ಮಾತ್ರ ಇನ್ನೂ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಅಂಥ ದಿನ ಗೊಂಚಲನ್ನು ಒಂದು ರಾತ್ರಿ ಕಣದ ಮೇಲೆ ತೆಳ್ಳಗೆ ಹರಡಿ, ಬಾಡಿದ ಮೇಲೆ ಬಿಡಿಸಿ ಅಂತಲೇ ಹೇಳಿ ಕಳಿಸುತ್ತೇನೆ. ಮಿಷನ್ನನ್ನು ಮೊದಲು ಖಾಲಿ ಓಡಿಸಿಕೊಂಡು ಆಮೇಲೆ ತುಂಬಬೇಕು, ತುಂಬಿ ಸ್ವಿಚ್ ಹಾಕಿದರೆ ಮೋಟಾರಿನ ಕೆಪಾಸಿಟರ್ ಹೋಗುತ್ತದೆ. ಅದಕ್ಕೆ ವಾರಂಟಿ ಇಲ್ಲ.