ಕಗ್ಗತ್ತಲಿಗೆ ‘ತುಂಬಾ’ ಬೇಡ

ಕುಮಟಾದಿಂದ ಶಿರಸಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ನಮ್ಮ ಅಡಿಕೆ ತೋಟವಿದೆ. ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ ಮೇಲೆ, ಯಾಣ ನೋಡಲು ಬರುವ ಹೊರದೇಶದ ಅತಿಥಿಗಳೊಡನೆ ಇಂಗ್ಲಿಷಿನಲ್ಲಿ ಮಾತನಾಡುವುದು ನನಗೆ ಅನಿವಾರ್ಯವಾಯಿತು. ಕಾಲೇಜಿನಲ್ಲಿ ಕಲಿತದ್ದು ಅಷ್ಟಿಷ್ಟು ಇತ್ತು, ಆದರೆ ಎಲ್ಲ ಊಟಕ್ಕೂ ನೆಂಚಿಕೊಳ್ಳುವ ಉಪ್ಪಿನಕಾಯಿಯಂತೆ ನನ್ನಲ್ಲಿದ್ದದ್ದು ‘ವೆರಿ’ ಒಂದೇ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ವೆರಿ ಬಿಗ್, 90 ಮೀಟರಿನ ಮೋಹಿನಿ ಶಿಖರವೂ ವೆರಿ ಬಿಗ್, ನೋಡಿ ಬಂದವರು ವೆರಿ ಟಯರ್ಡ್, ಆಮೇಲೆ ವೆರಿ ಹಂಗ್ರಿ.

ನನಗೇ ಬೇಸರ ಬಂದು ನಿಘಂಟು ಹಿಡಿದು ಕೂತೆ. ವೆರಿ ಬಿಗ್‌ಗೆ ಎನಾರ್ಮಸ್, ವೆರಿ ಟಯರ್ಡ್‌ಗೆ ಎಗ್ಜಾಸ್ಟೆಡ್, ವೆರಿ ಹಂಗ್ರಿಗೆ ಸ್ಟಾರ್ವಿಂಗ್, ವೆರಿ ಕೋಲ್ಡ್‌ಗೆ ಫ್ರೀಜಿಂಗ್ ಎಂದು, ಅರ್ಥವನ್ನು ತುದಿಗೆ ಒಯ್ಯುವ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆನಾದರೂ ಹಳೆಯ ಚಟ ಬಿಡಲಿಲ್ಲ. ‘ವೆರಿ ಎನಾರ್ಮಸ್’ ಎಂದಾಗ ಅತಿಥಿಯೊಬ್ಬರು ಸೌಜನ್ಯದಿಂದ, ‘ಆಬ್ಸಲ್ಯೂಟ್ಲಿ ಎನಾರ್ಮಸ್’ ಎಂದು ತಿದ್ದಿದರು. ಏಕೆ ಎಂದು ಕೇಳಿದ್ದಕ್ಕೆ, ಹಾಗೆಯೇ ಹೇಳುವುದು ರೂಢಿ ಎಂದಷ್ಟೇ ಹೇಳಿದರು.

ಕಾರಣ ಸಿಕ್ಕಿದ್ದು ನಮ್ಮ ಜಗಲಿಯಲ್ಲೇ. ಆಷಾಢದ ಮಳೆ ಧೋ ಎಂದು ಸುರಿಯುತ್ತಿದ್ದ ಒಂದು ರಾತ್ರಿ ಕರೆಂಟು ಹೋಗಿ, ಅಣ್ಣನ ಮಗ ‘ತುಂಬಾ ಕಗ್ಗತ್ತಲು’ ಎಂದು ಕೂಗಿದ. ‘ಕಗ್ಗತ್ತಲು ಅಂದ ಮೇಲೆ ತುಂಬಾ ಎಂತಕ್ಕೆ?’ ಎಂದರು ಅಮ್ಮ. ತುತ್ತತುದಿ, ನಟ್ಟನಡು, ಬಟ್ಟಬಯಲು, ಮೊಟ್ಟಮೊದಲು ಎಂಬ ಮಾತುಗಳ ಹೊಟ್ಟೆಯಲ್ಲೇ ‘ತುಂಬಾ’ ಅಡಗಿದೆ. ಹೊರಗಿನಿಂದ ಮತ್ತೆ ಸೇರಿಸಿದರೆ ಕಿವಿಗೆ ಒಡೆದು ಕೇಳುತ್ತದೆ. ಫ್ರೀಜಿಂಗ್ ಎಂಬುದರೊಳಗೆ ‘ವೆರಿ ಕೋಲ್ಡ್’ ಇರುವುದೂ ಹೀಗೆಯೇ. ಅಂಥ ಪದದ ಮುಂದೆ ‘ಪೂರ್ತಿಯಾಗಿ’ ಎಂಬರ್ಥದ ಆಬ್ಸಲ್ಯೂಟ್ಲಿ ಹೊಂದುತ್ತದೆ, ಅಳೆದು ಹೇಳುವ ವೆರಿ ಹೊಂದುವುದಿಲ್ಲ. ಸಂದೇಹ ಬಂದರೆ ನಾನು ‘ರಿಯಲಿ’ ಎನ್ನುತ್ತೇನೆ, ಅದು ಕೋಲ್ಡ್‌ಗೂ ಫ್ರೀಜಿಂಗ್‌ಗೂ ಸಲ್ಲುತ್ತದೆ. ‘ಕ್ವೈಟ್’ ಮಾತ್ರ ಮೋಸದ ಪದ. ಇಂಗ್ಲೆಂಡಿನವರು ‘ಕ್ವೈಟ್ ಇಂಪಾಸಿಬಲ್’ ಎಂದರೆ ಸಾಧ್ಯವೇ ಇಲ್ಲ ಎಂದರ್ಥ, ಆದರೆ ‘ಕ್ವೈಟ್ ಗುಡ್’ ಎಂದರೆ ಸಾಮಾನ್ಯವಾಗಿ ಪರವಾಗಿಲ್ಲ ಎಂದಷ್ಟೇ. ಮಾವಿನಕಾಯಿಯಿಂದ ಮಾಡುವ ನಮ್ಮ ಅಪ್ಪೆಹುಳಿಗೆ ಸಿಕ್ಕ ಆ ಎರಡನೆಯ ಪ್ರಶಂಸೆಯನ್ನು ನಾನು ವಾರಗಟ್ಟಲೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ.

ಸಮಾನಾರ್ಥಕಗಳೆಂದು ನಿಘಂಟು ಒಂದೇ ಸಾಲಿನಲ್ಲಿ ಕೂರಿಸಿದ ಪದಗಳು ನಿಜವಾಗಿ ಸಮಾನವಲ್ಲ ಎಂಬುದನ್ನು ಜಾಗದಿಂದ ಜಾಗಕ್ಕೆ ಓಡಾಡುತ್ತ ಕಲಿತೆ. ಗೋಕರ್ಣದ ಗುಡ್ಡದ ಮೇಲಿಂದ ಕಾಣುವ ಕಡಲು ‘ವಾಸ್ಟ್’, ಏಕೆಂದರೆ ಅದು ಹರವಿನ ಮಾತು. ಮುರ್ಡೇಶ್ವರದ 123 ಅಡಿಯ ಶಿವನಿಗೆ ಅದು ಒಪ್ಪದು, ಗ್ರೀಕರ ದೈತ್ಯರಿಂದ ಬಂದ ‘ಜೈಗ್ಯಾಂಟಿಕ್’ ಒಪ್ಪುತ್ತದೆ. ಬಿಸಿಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಿದೆ. ಬಯಲುಸೀಮೆಯ ಒಣ ಬಿಸಿಲಿಗೆ ‘ಸ್ಕಾರ್ಚಿಂಗ್’ ಸರಿ, ಆದರೆ ಮೇ ತಿಂಗಳ ಕಾರವಾರದಲ್ಲಿ ನೆರಳಲ್ಲಿ ಕೂತರೂ ಅಂಗಿ ಮೈಗೆ ಅಂಟುವ ಸೆಕೆಗೆ ‘ಸ್ವೆಲ್ಟರಿಂಗ್’ ಎನ್ನಬೇಕು. ಬಿಸಿಲಿಗೊಂದು, ಸೆಕೆಗೊಂದು ಮಾತು ಇಟ್ಟುಕೊಂಡ ನಮಗೆ ಈ ವ್ಯತ್ಯಾಸ ಕಷ್ಟವಾಗಬಾರದು.

ಮೂಲ ತಿಳಿದರೆ ಪದ ಮರೆಯುವುದಿಲ್ಲ. ಎಗ್ಜಾಸ್ಟೆಡ್‌ನ ಲ್ಯಾಟಿನ್ ಬೇರಿಗೆ ನೀರನ್ನೆಲ್ಲ ಸೇದಿ ಬರಿದು ಮಾಡುವುದು ಎಂಬ ಅರ್ಥವಿದೆ. ಬೇಸಿಗೆಯಲ್ಲಿ ತಳ ಕಂಡ ನಮ್ಮ ಬಾವಿಯನ್ನು ನೆನೆದರೆ ಸಾಕು, ಆ ದಣಿವಿನ ಅಳತೆ ತಿಳಿಯುತ್ತದೆ. ಸ್ಟಾರ್ವ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಾಯುವುದು ಎಂದೇ ಅರ್ಥ. ಇಂದು ಊಟ ಅರ್ಧ ಗಂಟೆ ತಡವಾದರೂ ಅತಿಥಿಗಳು ಆ ಮಾತು ಆಡುತ್ತಾರೆ, ನಾವು ‘ಹಸಿದು ಸತ್ತೆ’ ಎನ್ನುವ ಹಾಗೆ.

ನನಗೆ ಬಹಳ ಕಾಲ ಅಂಜಿಕೆಯಿದ್ದದ್ದು ‘ಟೆರಿಫಿಕ್’ ಬಗ್ಗೆ. ಭಯ ಹುಟ್ಟಿಸುವುದು ಎಂಬ ಅರ್ಥದಲ್ಲಿ ಹುಟ್ಟಿದ ಪದ ಅಮೋಘ ಎಂಬಲ್ಲಿಗೆ ಹೇಗೆ ಬಂತೆಂದು ತಿಳಿಯದೆ ಅದನ್ನು ಬಳಸುತ್ತಲೇ ಇರಲಿಲ್ಲ. ಒಂದು ಸಂಜೆ ಪಕ್ಕದ ಮನೆಯವರು ನಮ್ಮಲ್ಲಿ ತೊಡದೇವು ತಿಂದು, ‘ಭಯಂಕರ ರುಚಿ’ ಎಂದರು. ಅಂದೇ ಆ ಪದವನ್ನು ನೋಟ್‌ಬುಕ್ಕಿಗೆ ಸೇರಿಸಿದೆ.